ಹುಳುವಿನ ಒಳಗಿದ್ದ ಜೀವಿ ಬೆಳೆಗೆ ರೋಗವಾದದ್ದು ಹೇಗೆ?

1991ರಲ್ಲಿ ಫ್ರಾನ್ಸ್‌ನ ಬರ್ಗಂಡಿ ಪ್ರಾಂತ್ಯದ ಸಕ್ಕರೆ ಬೀಟ್ ಹೊಲಗಳಲ್ಲಿ ಹೊಸ ರೋಗವೊಂದು ಕಾಣಿಸಿಕೊಂಡಿತು. ಹಳೆಯ ಎಲೆಗಳು ಹಳದಿಯಾದವು. ಹೊಸ ಎಲೆಗಳು ಕಿರಿದಾಗಿ, ಚೂಪಾಗಿ, ಒಂದು ಬದಿ ದೊಡ್ಡದು ಇನ್ನೊಂದು ಬದಿ ಸಣ್ಣದಾಗಿ ಬಂದವು. ಗೆಡ್ಡೆಯನ್ನು ಅಡ್ಡ ಕೊಯ್ದು ನೋಡಿದರೆ ಒಳಗಿನ ನಾಳಗಳು ಕಂದಾಗಿದ್ದವು. ಗಿಡವೇನೂ ಸತ್ತಿರಲಿಲ್ಲ. ಆದರೆ ಗೆಡ್ಡೆಯಲ್ಲಿ ಸಕ್ಕರೆಯೇ ಕಡಿಮೆ. ನೂರಕ್ಕೆ 16ರಿಂದ 18ರಷ್ಟು ಇರಬೇಕಾದ ಸಕ್ಕರೆಯಲ್ಲಿ ನಾಲ್ಕೈದು ಅಂಶಗಳವರೆಗೂ ಕಡಿಮೆಯಾಗುತ್ತಿತ್ತು. ಸಕ್ಕರೆಗಾಗಿಯೇ ಬೆಳೆಯುವ ಬೆಳೆಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೇನು ಬೇಕು?

2008ರ ಸುಮಾರಿಗೆ ಇದೇ ರೋಗ ದಕ್ಷಿಣ ಜರ್ಮನಿಯ ಹೈಲ್‌ಬ್ರಾನ್ ಸುತ್ತಮುತ್ತ ಸಿಕ್ಕಿತು. 2017ರಲ್ಲಿ ಸ್ವಿಟ್ಜರ್ಲೆಂಡ್‌ನ ಪಶ್ಚಿಮ ಭಾಗಕ್ಕೂ ಬಂತು. ಈಗ ಜರ್ಮನಿಯೊಂದರಲ್ಲೇ ಹತ್ತಾರು ಸಾವಿರ ಹೆಕ್ಟೇರ್ ಬೀಟ್ ಇದರ ಹೊಡೆತಕ್ಕೆ ಸಿಕ್ಕಿದೆ. ಕೆಲವು ವರ್ಷಗಳಿಂದ ಆಲೂಗಡ್ಡೆಯಲ್ಲೂ ಕಾಣಿಸುತ್ತಿದೆ. ರೋಗ ಬಂದ ಆಲೂಗಡ್ಡೆ ಒತ್ತಿದರೆ ರಬ್ಬರಿನ ಹಾಗೆ ಬಾಗುತ್ತದೆ. ಈರುಳ್ಳಿ, ಕ್ಯಾರೆಟ್ ಕೂಡ ಪಟ್ಟಿಗೆ ಸೇರಿವೆ. 2025ರಲ್ಲಿ ಅಲ್ಲಿನ ಅಧಿಕಾರಿಗಳು ಕೆಲವು ಕೀಟನಾಶಕಗಳಿಗೆ ತುರ್ತು ಅನುಮತಿ ಕೊಡಬೇಕಾಯಿತು.

ರೋಗವನ್ನು ಹೊತ್ತು ತಿರುಗುವುದು ಪೆಂಟಾಸ್ಟಿರಿಡಿಯಸ್ ಲೆಪೊರಿನಸ್ ಎಂಬ ಒಂದು ಜಿಗಿಹುಳು. ಇದರ ಒಳಗೆ ಎರಡು ಬೇರೆ ಬೇರೆ ಬ್ಯಾಕ್ಟೀರಿಯಾ ಇರಬಹುದು. ಒಂದು ಫೈಟೋಪ್ಲಾಸ್ಮಾ ಎಂಬ, ಕೋಶಗೋಡೆಯಿಲ್ಲದ ಬ್ಯಾಕ್ಟೀರಿಯಾಗಳ ಗುಂಪಿಗೆ ಸೇರಿದ್ದು. ಬೀಟ್‌ನ ಸಕ್ಕರೆ ಕದಿಯುವುದರಲ್ಲಿ ಮುಖ್ಯ ಪಾತ್ರ ಇನ್ನೊಂದರದು. ಅದರ ಹೆಸರು ಆರ್ಸೆನೊಫೋನಸ್ ಫೈಟೋಪ್ಯಾಥೋಜೆನಿಕಸ್. ವಿಜ್ಞಾನಿಗಳು ಬೆರಗಾದದ್ದು ಈ ಎರಡನೆಯದರ ವಂಶಾವಳಿ ನೋಡಿ.

ಯಾಕೆಂದರೆ ಆರ್ಸೆನೊಫೋನಸ್ ಕುಲದ ಬ್ಯಾಕ್ಟೀರಿಯಾಗಳಿಗೂ ಗಿಡಗಳಿಗೂ ಸಾಮಾನ್ಯವಾಗಿ ಯಾವ ಸಂಬಂಧವೂ ಇಲ್ಲ. ಇವು ಹುಳುಗಳ ಒಳಗೇ ಬಾಳುವ ಜೀವಿಗಳು. ಈ ಕುಲದಲ್ಲಿ ಮೊದಲು ಹೆಸರು ಪಡೆದ ಜಾತಿ ಒಂದು ಪುಟ್ಟ ಕಣಜದಲ್ಲಿದೆ. ಅದು ತಾಯಿ ಕಣಜದ ಗಂಡುಮರಿಗಳನ್ನು ಸಾಯಿಸುತ್ತದೆ. ಬಿಳಿನೊಣ, ರಕ್ತ ಹೀರುವ ತಿಗಣೆ, ಜೇನುಹುಳು, ಎಲ್ಲದರಲ್ಲೂ ಇದರ ಬಳಗ ಇದೆ. ನಮ್ಮ ತಲೆಯ ಹೇನಿನೊಳಗೆ ಕೂತು ಅದಕ್ಕೆ ಬಿ5 ವಿಟಮಿನ್ ಮಾಡಿಕೊಡುವ ರೀಸಿಯಾ ಎಂಬ ಬ್ಯಾಕ್ಟೀರಿಯಾ ಕೂಡ ಇದೇ ಬಳಗದ್ದು. ಅಂದರೆ ಇಷ್ಟೂ ಮಂದಿ ಹುಳುಗಳ ಒಳಗೆ ಇರುವಾಗ ಒಂದು ಕವಲು ಮಾತ್ರ ಗಿಡದೊಳಗೆ ಕಾಲಿಟ್ಟು ಅಲ್ಲಿ ರೋಗವಾಗಿದೆ. ಫ್ರಾನ್ಸ್‌ನಲ್ಲೇ ಸ್ಟ್ರಾಬೆರಿ ಗಿಡಗಳ ಎಲೆಯಂಚು ಹಳದಿಯಾಗಿಸುವ ಫ್ಲೋಮೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕೂಡ ಇದೇ ಕವಲಿನದು. ಅದನ್ನು ಹರಡುವುದೂ ಒಂದು ಜಿಗಿಹುಳುವೇ.

ಹುಳುವಿನ ಸಹಜೀವಿ ಗಿಡದ ರೋಗವಾಗುವುದು ಅಪರೂಪದ ಆಕಸ್ಮಿಕ ಎಂದು ಪಕ್ಕಕ್ಕಿಡುವ ವಿಷಯವಲ್ಲ. ಅದಕ್ಕೆ ಬೇಕಾದ ದಾರಿ ಪ್ರತಿ ಹೊಲದಲ್ಲೂ ತೆರೆದೇ ಇದೆ. ಆ ದಾರಿಯಲ್ಲಿ ನಡೆಯುವುದು ಬ್ಯಾಕ್ಟೀರಿಯಾಗೆ ಲಾಭವೋ ನಷ್ಟವೋ ಎಂಬುದನ್ನು ಮಾತ್ರ ನಾವು ಬೆಳೆ ಬೆಳೆಯುವ ರೀತಿ ಬಹಳ ಮಟ್ಟಿಗೆ ತೀರ್ಮಾನಿಸುತ್ತದೆ.

ಮೊದಲು ಹುಳುಗಳಿಗೆ ಈ ಸಹಜೀವಿಗಳು ಯಾಕೆ ಬೇಕು ಅಂತ ನೋಡೋಣ. ಗಿಡದಲ್ಲಿ ಎರಡು ಬಗೆಯ ನಾಳಗಳಿವೆ. ಕ್ಸೈಲಂ ಬೇರಿನಿಂದ ನೀರು ತರುತ್ತದೆ. ಫ್ಲೋಯಂ ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರು, ಕಾಯಿ, ಚಿಗುರಿಗೆ ಸಾಗಿಸುತ್ತದೆ. ಜಿಗಿಹುಳು, ಸಸ್ಯಹೇನು, ಬಿಳಿನೊಣಗಳು ಸೂಜಿಯಂಥ ಬಾಯಿಯನ್ನು ನೇರವಾಗಿ ಫ್ಲೋಯಂಗೆ ಚುಚ್ಚಿ ರಸ ಹೀರುತ್ತವೆ. ಆ ರಸದಲ್ಲಿ ಸಕ್ಕರೆ ಬೇಕಾದಷ್ಟಿದೆ. ಮೈ ಬೆಳೆಯಲು ಬೇಕಾದ ಅಗತ್ಯ ಅಮೈನೋ ಆಮ್ಲಗಳು ತೀರಾ ಕಡಿಮೆ. ಜೀವನಪೂರ್ತಿ ಬರೀ ಬೆಲ್ಲದ ನೀರು ಕುಡಿದು ಬದುಕಬೇಕಾದ ಸ್ಥಿತಿ ಅದು. ಆ ಕೊರತೆ ತುಂಬಲು ಹುಳುಗಳು ತಮ್ಮ ಜೀವಕೋಶಗಳ ಒಳಗೇ ಬ್ಯಾಕ್ಟೀರಿಯಾಗಳನ್ನು ಇಟ್ಟುಕೊಂಡಿವೆ. ಸಸ್ಯಹೇನಿನಲ್ಲಿ ಬುಖ್ನೇರಾ ಎಂಬ ಬ್ಯಾಕ್ಟೀರಿಯಾ ಈ ಕೆಲಸ ಮಾಡುತ್ತದೆ. ಇವೆರಡರ ಜೊತೆಗಾರಿಕೆಗೆ 15 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು.

ಆದರೆ ಬುಖ್ನೇರಾದಂಥ ಹಳೆಯ ಸಹಜೀವಿಗಳು ಗಿಡಕ್ಕೆ ರೋಗ ತರುವುದು ಹೆಚ್ಚುಕಡಿಮೆ ಸಾಧ್ಯವೇ ಇಲ್ಲ. ಹುಳುವಿನ ಒಳಗೆ ಸುರಕ್ಷಿತವಾಗಿ ಇದ್ದೂ ಇದ್ದೂ ಅವು ತಮ್ಮ ಬಹುಪಾಲು ಜೀನ್‌ಗಳನ್ನು ಕಳೆದುಕೊಂಡಿವೆ. ಬುಖ್ನೇರಾದ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ ಬರಹ, ಸುಮಾರು 6.4 ಲಕ್ಷ ಅಕ್ಷರಗಳಷ್ಟೇ. ಸಿಲಿಡ್ ಎಂಬ ಸಣ್ಣ ಹುಳುಗಳಲ್ಲಿರುವ ಕಾರ್ಸೊನೆಲ್ಲಾದ್ದು ಬರೀ 1.6 ಲಕ್ಷ. ನಮ್ಮ ಕರುಳಿನ ಸಾಮಾನ್ಯ ಇ. ಕೋಲಿಗೆ 46 ಲಕ್ಷ ಇದೆ ಎನ್ನುವುದನ್ನು ನೆನೆದರೆ ಇವು ಎಷ್ಟು ಬಡವಾಗಿವೆ ಗೊತ್ತಾಗುತ್ತದೆ. ಹೊರಗೆ ಬಂದರೆ ಒಂದು ದಿನವೂ ಬದುಕಲಾರವು.

ದಾರಿ ಬದಲಿಸುವ ಸಾಮರ್ಥ್ಯ ಇರುವುದು ಇನ್ನೊಂದು ಗುಂಪಿಗೆ. ಆರ್ಸೆನೊಫೋನಸ್, ರಿಕೆಟ್ಸಿಯಾ, ಸ್ಪೈರೋಪ್ಲಾಸ್ಮಾ, ಇವೆಲ್ಲ ಅರೆಬರೆ ನೆಲೆಸಿದವು. ಇವು ಇಲ್ಲದಿದ್ದರೂ ಅನೇಕ ಹುಳುಗಳು ಬದುಕುತ್ತವೆ. ಹಾಗಾಗಿ ಇವು ಸುಮ್ಮನೆ ಒಂದೇ ಅಂಗದಲ್ಲಿ ಕೂರುವುದಿಲ್ಲ. ಹುಳುವಿನ ರಕ್ತದಲ್ಲಿ ಓಡಾಡುತ್ತವೆ, ಅಂಡಾಶಯಕ್ಕೆ ಹೋಗುತ್ತವೆ, ಕರುಳಿಗೆ ಹೋಗುತ್ತವೆ. ಮುಖ್ಯವಾಗಿ ಜೊಲ್ಲಿನ ಗ್ರಂಥಿಗೂ ಹೋಗುತ್ತವೆ. ಜೊಲ್ಲಿನ ಗ್ರಂಥಿ ತಲುಪಿದ ಬ್ಯಾಕ್ಟೀರಿಯಾಗೂ ಗಿಡದ ಫ್ಲೋಯಂಗೂ ನಡುವೆ ಇರುವುದು ಒಂದು ಸೂಜಿಯಷ್ಟೇ ಉದ್ದದ ದೂರ. ಹುಳು ರಸ ಹೀರುವ ಮೊದಲು ಜೊಲ್ಲು ಬಿಡುತ್ತದೆ. ಅದರ ಜೊತೆ ಬ್ಯಾಕ್ಟೀರಿಯಾವೂ ಗಿಡದೊಳಗೆ ಇಳಿಯುತ್ತದೆ.

ಇಳಿದ ಮಾತ್ರಕ್ಕೆ ರೋಗ ಬರುವುದಿಲ್ಲ. ನಡುವಿನ ಹಂತ ಹೇಗಿರುತ್ತದೆ ಎನ್ನುವುದಕ್ಕೆ ಒಳ್ಳೆಯ ಉದಾಹರಣೆಗಳಿವೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಅಲೆಕ್ಸಾಂಡರ್ ಪರ್ಸೆಲ್ ಮತ್ತು ಸಂಗಡಿಗರು ಯೂಸೆಲಿಡಿಯಸ್ ಎಂಬ ಜಿಗಿಹುಳುವಿನಲ್ಲಿ ಒಂದು ಬ್ಯಾಕ್ಟೀರಿಯಾ ಗುರುತಿಸಿದರು. ಅದು ತಾಯಿಯಿಂದ ಮೊಟ್ಟೆಗೆ ದಾಟುತ್ತಿತ್ತು. ಜೊತೆಗೆ ಒಂದು ಹುಳು ಕಚ್ಚಿದ ಗಿಡದಿಂದ ರಸ ಹೀರಿದ ಇನ್ನೊಂದು ಹುಳುವಿಗೂ ಹತ್ತುತ್ತಿತ್ತು. ಗಿಡಕ್ಕೆ ಏನೂ ಆಗುತ್ತಿರಲಿಲ್ಲ. ಅದು ಬ್ಯಾಕ್ಟೀರಿಯಾಗೆ ಸ್ವಲ್ಪ ಹೊತ್ತು ತಂಗಿ ಮುಂದೆ ಹೋಗುವ ಜಾಗ ಅಷ್ಟೇ. ಇದರ ಹತ್ತಿರದ ಬಂಧುವೊಂದಕ್ಕೆ ಈಚೆಗೆ ಪರ್ಸೆಲ್ ಅವರ ಹೆಸರನ್ನೇ ಇಟ್ಟಿದ್ದಾರೆ. ಅದರ ಕುಲದ ಬಂಧುಗಳಲ್ಲಿ ತರಕಾರಿಗಳನ್ನು ಕೊಳೆಸುವ ಪೆಕ್ಟೋಬ್ಯಾಕ್ಟೀರಿಯಂ ಕೂಡ ಇದೆ.

2012ರಲ್ಲಿ ಇಸ್ರೇಲಿನ ಸಂಶೋಧಕರು ಬಿಳಿನೊಣದ ರಿಕೆಟ್ಸಿಯಾ ಬಗ್ಗೆ ಇಂಥದ್ದೇ ಸಂಗತಿ ತೋರಿಸಿದರು. ಒಂದೇ ಎಲೆಯ ಮೇಲೆ ಕೂತ ಬಿಳಿನೊಣಗಳು ಫ್ಲೋಯಂ ಮೂಲಕ ರಿಕೆಟ್ಸಿಯಾವನ್ನು ಹಂಚಿಕೊಂಡವು. 2017ರಲ್ಲಿ ಚೀನಾದ ಒಂದು ತಂಡ ಹತ್ತಿ ಎಲೆಯೊಳಗೆ ವೊಲ್ಬಾಕಿಯಾ ಕನಿಷ್ಠ 50 ದಿನ ಉಳಿಯಿತು ಎಂದು ಕಂಡುಕೊಂಡಿತು. ವೊಲ್ಬಾಕಿಯಾ ಜಗತ್ತಿನ ಅತಿ ಸಾಮಾನ್ಯ ಕೀಟ ಸಹಜೀವಿ. ಡೆಂಗಿ ತಡೆಯಲು ಸೊಳ್ಳೆಗಳಿಗೆ ಸೇರಿಸುತ್ತಿರುವುದೂ ಇದನ್ನೇ. ಅದು ಗಿಡಕ್ಕೆ ರೋಗ ತಂದ ಉದಾಹರಣೆ ಇಲ್ಲ. ಆದರೆ ಹುಳುವಿನ ಆಚೆ ಬದುಕಲಾರದು ಎಂದುಕೊಂಡಿದ್ದ ಜೀವಿ ಗಿಡದೊಳಗೆ ಏಳು ವಾರ ಇರಬಲ್ಲದು ಅನ್ನುವುದು ಸಣ್ಣ ವಿಷಯವಲ್ಲ.

ಫ್ಲೋಯಂ ಇಷ್ಟು ಸುಲಭದ ಜಾಗ ಯಾಕೆ? ಅಲ್ಲಿ ಸಿದ್ಧ ಆಹಾರ ಹರಿಯುತ್ತಿರುತ್ತದೆ. ಅಲ್ಲಿನ ಸಾಗಣೆ ಕೋಶಗಳು ಬೆಳೆದ ಮೇಲೆ ತಮ್ಮ ಕೋಶಕೇಂದ್ರವನ್ನೇ ಕಳೆದುಕೊಂಡಿರುತ್ತವೆ. ಒಂದು ಕಡೆ ಸೇರಿದರೆ ರಸದ ಹರಿವು ಗಿಡದ ಉದ್ದಗಲಕ್ಕೂ ಒಯ್ಯುತ್ತದೆ. ಹುಳುವಿನ ಕೋಶದೊಳಗೆ ಕೂತು, ಸಿಕ್ಕಿದ್ದನ್ನು ಉಂಡು ಬದುಕಿ ಅಭ್ಯಾಸವಾದ ಬ್ಯಾಕ್ಟೀರಿಯಾಗೆ ಫ್ಲೋಯಂ ತೀರಾ ಹೊಸ ಲೋಕವೇನಲ್ಲ. ಮಣ್ಣಿನಲ್ಲಿ ಬದುಕುವ ಬ್ಯಾಕ್ಟೀರಿಯಾ ಅಲ್ಲಿಗೆ ತಲುಪಬೇಕಾದರೆ ಎಷ್ಟೋ ಗೋಡೆ ಒಡೆಯಬೇಕು. ಇದಕ್ಕೆ ಹುಳುವೇ ಬಾಗಿಲು ತೆರೆದು ಒಳಗೆ ಬಿಡುತ್ತದೆ.

ಇನ್ನು ನಿಜವಾದ ತಿರುವು. ತಾಯಿಯಿಂದ ಮರಿಗೆ ಮಾತ್ರ ದಾಟುವ ಬ್ಯಾಕ್ಟೀರಿಯಾಗೆ ಹುಳುವಿನ ಕ್ಷೇಮವೇ ತನ್ನ ಕ್ಷೇಮ. ಹುಳು ಮೊಟ್ಟೆ ಇಡದೆ ಸತ್ತರೆ ಅದರ ವಂಶವೂ ಮುಗಿಯಿತು. ಗಿಡದ ಮೂಲಕ ಬೇರೆ ಹುಳುಗಳಿಗೆ ದಾಟುವ ಎರಡನೆಯ ದಾರಿ ಸಿಕ್ಕಿತು ಅಂದುಕೊಳ್ಳಿ. ಆಗ ಗಿಡದೊಳಗೆ ಹೆಚ್ಚು ಸಂಖ್ಯೆಯಲ್ಲಿ ಬೆಳೆದಷ್ಟೂ ಮುಂದಿನ ಹುಳುವಿಗೆ ಹತ್ತುವ ಅವಕಾಶ ಜಾಸ್ತಿ. ಗಿಡದ ಕ್ಷೇಮ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಇಂಥ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಗಿಡದ ಬೀಜದ ಮೂಲಕ ಹರಡುವುದಿಲ್ಲ. ಹಾಗಾಗಿ ಗಿಡ ಬೀಜ ಬಿಡಲಿ ಬಿಡದಿರಲಿ ಅವಕ್ಕೆ ಒಂದೇ. ಹುಳುಗಳು ಬಂದು ಹೀರುವಷ್ಟು ಕಾಲ ಗಿಡ ಹಸಿರಾಗಿದ್ದರೆ ಸಾಕು. ರೋಗಲಕ್ಷಣ ಎಂದು ನಾವು ಕರೆಯುವುದು ಬಹಳ ಸಲ ಈ ಬೆಳವಣಿಗೆಯ ಅಡ್ಡಪರಿಣಾಮ. ನಾಳ ಕಟ್ಟಿಕೊಳ್ಳುತ್ತದೆ, ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ, ಎಲೆ ಹಳದಿಯಾಗುತ್ತದೆ, ಗೆಡ್ಡೆ ಬಡವಾಗುತ್ತದೆ. ಬೀಟ್‌ನಲ್ಲಿ ಆದದ್ದು ಅದೇ ಸಾಲಿನದು.

ಬೀಟ್‌ನ ಆರ್ಸೆನೊಫೋನಸ್ ಈಗಲೂ ಎರಡೂ ದಾರಿ ಬಿಟ್ಟಿಲ್ಲ. ತಾಯಿ ಜಿಗಿಹುಳುವಿನಿಂದ ಒಂದಷ್ಟು ಮರಿಗಳಿಗೆ ಮೊಟ್ಟೆಯ ಮೂಲಕವೇ ದಾಟುತ್ತದೆ, ಗಿಡದ ಮೂಲಕವೂ ದಾಟುತ್ತದೆ. ಎಲ್ಲ ಮರಿಗಳಿಗೂ ದಾಟುವುದಿಲ್ಲ ಎನ್ನುವುದನ್ನು ಗಮನಿಸಿ. ಮೊಟ್ಟೆಯ ದಾರಿಯೊಂದನ್ನೇ ನಂಬಿದ್ದರೆ ಕೆಲವು ತಲೆಮಾರಿನಲ್ಲಿ ಅದು ಕಾಣೆಯಾಗಬೇಕಿತ್ತು. ಉಳಿಸಿದ್ದು ಬೀಟ್ ಗಿಡ.

ಹೀಗೆ ದಾರಿ ಬದಲಿಸಲು ಹೊಸ ಸಾಮಾನು ಬೇಕಲ್ವಾ? ಬೇಕು. ಅದು ಎಲ್ಲಿಂದ ಬರುತ್ತದೆ ಎನ್ನುವುದೂ ಈಗ ಸ್ವಲ್ಪ ಸ್ವಲ್ಪ ಗೊತ್ತಾಗುತ್ತಿದೆ. ಬೀಟ್ ಮತ್ತು ಸ್ಟ್ರಾಬೆರಿಯ ಬ್ಯಾಕ್ಟೀರಿಯಾಗಳ ಜೀನೋಮ್‌ಗಳನ್ನು ಹುಳುವಿನಲ್ಲಷ್ಟೇ ಇರುವ ಬಂಧುಗಳ ಜೊತೆ ಹೋಲಿಸಿದ್ದಾರೆ. ಬಹುಪಾಲು ಒಂದೇ ಥರ. ಆದರೆ ಬಂಧುಗಳಲ್ಲಿ ಇಲ್ಲದ ಕೆಲವು ಜೀನ್‌ಗಳು ಈ ಎರಡರಲ್ಲಿ ಮಾತ್ರ ಇವೆ. ಅವು ಹೊರಗಿನಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಬ್ಯಾಕ್ಟೀರಿಯಾಗೆ ಹತ್ತುವ ವೈರಸ್‌ಗಳ ತುಣುಕುಗಳೂ ಈ ಜೀನೋಮ್‌ಗಳಲ್ಲಿ ತುಂಬಿವೆ. ಒಂದೇ ಹುಳುವಿನ ಮೈಯಲ್ಲಿ ಎರಡು ಮೂರು ಬಗೆಯ ಬ್ಯಾಕ್ಟೀರಿಯಾ ಒಟ್ಟಿಗೆ ಇರುವಾಗ ಜೀನ್ ಕೊಡುಕೊಳ್ಳುವುದು ಕಷ್ಟವೇನಲ್ಲ.

ಹುಳುವಿಗೂ ಗಿಡಕ್ಕೂ ಹೊಂದಿಕೊಳ್ಳುವುದು ಎಂದರೆ ಏನು ಎನ್ನುವುದನ್ನು ಅಮೆರಿಕದ ಮೆಕ್ಕೆಜೋಳದ ಒಂದು ಬ್ಯಾಕ್ಟೀರಿಯಾ ಚೆನ್ನಾಗಿ ತೋರಿಸುತ್ತದೆ. ಅದರ ಹೆಸರು ಪ್ಯಾಂಟೋಯಾ ಸ್ಟೀವಾರ್ಟಿ. ಜೋಳವನ್ನು ಬಾಡಿಸುತ್ತದೆ, ಚಳಿಗಾಲವನ್ನು ಒಂದು ಪುಟ್ಟ ಜೀರುಂಡೆಯ ಕರುಳಿನಲ್ಲಿ ಕಳೆಯುತ್ತದೆ. ಇಂಥ ಬ್ಯಾಕ್ಟೀರಿಯಾಗಳು ಎದುರಿನ ಜೀವಕೋಶಕ್ಕೆ ಪ್ರೋಟೀನ್ ಚುಚ್ಚಲು ಒಂದು ಸೂಕ್ಷ್ಮ ಯಂತ್ರ ಇಟ್ಟುಕೊಂಡಿರುತ್ತವೆ. ಇದರ ಬಳಿ ಅಂಥವು ಎರಡಿವೆ. ಒಂದು ಗಿಡಕ್ಕೆ, ಇನ್ನೊಂದು ಜೀರುಂಡೆಗೆ. ಗಿಡದ ಯಂತ್ರ ಕೆಡಿಸಿದರೆ ಜೋಳಕ್ಕೆ ರೋಗ ಬರುವುದಿಲ್ಲ. ಹುಳುವಿನ ಯಂತ್ರ ಕೆಡಿಸಿದರೆ ಜೀರುಂಡೆಯಲ್ಲಿ ಉಳಿಯಲು ಅದಕ್ಕೆ ಕಷ್ಟವಾಗುತ್ತದೆ.

ಈ ಕಲೆಯಲ್ಲಿ ಎಲ್ಲರಿಗಿಂತ ಮುಂದೆ ಹೋಗಿರುವುದು ಫೈಟೋಪ್ಲಾಸ್ಮಾ. ಕರ್ನಾಟಕದ ರೈತರಿಗೆ ಹೆಸರು ಗೊತ್ತಿಲ್ಲದಿದ್ದರೂ ಅದು ಮಾಡುವ ಹಾನಿ ಚೆನ್ನಾಗಿ ಗೊತ್ತು. ಶ್ರೀಗಂಧದ ಸ್ಪೈಕ್ ರೋಗ ಮೊದಲು ವರದಿಯಾದದ್ದು 1899ರಲ್ಲಿ, ಕೊಡಗಿನಲ್ಲಿ. 1903ರಿಂದ 1916ರ ನಡುವೆ ಕೊಡಗು, ಮೈಸೂರು ಭಾಗದಲ್ಲಿ 10 ಲಕ್ಷಕ್ಕೂ ಹೆಚ್ಚು ಗಂಧದ ಮರ ಕಡಿಯಬೇಕಾಯಿತು. ವೈರಸ್ ಇರಬೇಕು ಎಂದು ಎಷ್ಟೋ ಕಾಲ ನಂಬಿದ್ದರು. 1967ರಲ್ಲಿ ಜಪಾನಿನ ವಿಜ್ಞಾನಿಗಳು ಹಿಪ್ಪುನೇರಳೆ ಗಿಡದ ಇಂಥದ್ದೇ ರೋಗದಲ್ಲಿ ಗೋಡೆಯಿಲ್ಲದ ಬ್ಯಾಕ್ಟೀರಿಯಾ ಕಂಡ ಮೇಲೆ, 1969ರಲ್ಲಿ ಶ್ರೀಗಂಧದಲ್ಲೂ ಅದೇ ಇರುವುದು ಗೊತ್ತಾಯಿತು. ಕಾರಣ ತಿಳಿಯಲು 70 ವರ್ಷ ಹಿಡಿಯಿತು.

ಬದನೆಯ ಕಿರುಎಲೆ ರೋಗ, ಎಳ್ಳಿನಲ್ಲಿ ಹೂವೆಲ್ಲ ಎಲೆಯಾಗಿಬಿಡುವ ರೋಗ, ಕಬ್ಬಿನಲ್ಲಿ ಹುಲ್ಲಿನ ಹಾಗೆ ಮರಿ ಒಡೆಯುವ ರೋಗ, ಇವೆಲ್ಲ ಫೈಟೋಪ್ಲಾಸ್ಮಾದ ಕೆಲಸ. ಸುಳ್ಯದ ಸಂಪಾಜೆ, ಅರಂತೋಡು, ಮರ್ಕಂಜ ಮತ್ತು ಮಲೆನಾಡಿನ ಶೃಂಗೇರಿ, ಕೊಪ್ಪದ ತೋಟಗಳನ್ನು ಬರಿದು ಮಾಡಿದ ಅಡಿಕೆಯ ಹಳದಿ ಎಲೆ ರೋಗವೂ ಇದರಿಂದಲೇ. ಪ್ರೌಟಿಸ್ಟಾ ಮೋಯೆಸ್ಟಾ ಎಂಬ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಈಗ ಎಲ್ಲರ ಬಾಯಲ್ಲಿರುವ ಎಲೆಚುಕ್ಕಿ ರೋಗ ಬೇರೆ. ಅದು ಶಿಲೀಂಧ್ರದಿಂದ ಬರುವುದು. ಅದಕ್ಕೆ ಹೊಡೆಯುವ ಔಷಧಿ ಹಳದಿ ಎಲೆ ರೋಗಕ್ಕೆ ನಾಟುವುದಿಲ್ಲ. ಎರಡನ್ನೂ ಒಂದೇ ಅಂದುಕೊಂಡು ಹಣ ಕಳೆದುಕೊಳ್ಳಬೇಡಿ.

ಫೈಟೋಪ್ಲಾಸ್ಮಾದ ಜೀನೋಮ್ ತುಂಬಾ ಚಿಕ್ಕದು. ಬೇರೆ ಬೇರೆ ಬಗೆಗಳಲ್ಲಿ ಸುಮಾರು 5 ಲಕ್ಷದಿಂದ 13 ಲಕ್ಷ ಅಕ್ಷರ. ತನ್ನ ಶಕ್ತಿಯನ್ನು ತಾನೇ ತಯಾರಿಸಲು ಬೇಕಾದ ಜೀನ್‌ಗಳೂ ಅದರಲ್ಲಿ ಪೂರ್ತಿ ಇಲ್ಲ. ಹುಳುವಿನ ಕೋಶ, ಇಲ್ಲವೇ ಫ್ಲೋಯಂ, ಇವೆರಡರಲ್ಲಿ ಒಂದರೊಳಗೆ ಸದಾ ಇರಲೇಬೇಕು. ಇದರ ಹಿಂದಿನವರು ಮೊದಲು ಹುಳುವಿನಲ್ಲಿದ್ದು ಆಮೇಲೆ ಗಿಡಕ್ಕೆ ಬಂದರು ಎಂಬುದು ಅನೇಕ ಸಂಶೋಧಕರ ಅಭಿಪ್ರಾಯ. ದೂರದ ಬಂಧುವಾದ ಸ್ಪೈರೋಪ್ಲಾಸ್ಮಾವನ್ನು ನೋಡಿದರೆ ಅದು ಸಹಜ ಅನಿಸುತ್ತದೆ. ಆ ಕುಲದ ಬಹುಪಾಲು ಜಾತಿಗಳು ಇಂದಿಗೂ ಹುಳುಗಳಲ್ಲೇ ಇವೆ. ಒಂದು ಹಣ್ಣುನೊಣವನ್ನು ಜಂತುಹುಳುವಿನಿಂದ ಕಾಪಾಡುವ ಸ್ಪೈರೋಪ್ಲಾಸ್ಮಾ ಕೂಡ ಇದೆ. ಗಿಡಕ್ಕೆ ರೋಗ ತರುವವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ಮೆಕ್ಕೆಜೋಳವನ್ನು ಗಿಡ್ಡವಾಗಿಸುತ್ತದೆ. 2024ರಲ್ಲಿ ಅರ್ಜೆಂಟೀನಾದಲ್ಲಿ ಜಿಗಿಹುಳುಗಳು ಅತಿಯಾಗಿ, ಈ ರೋಗ ಹಬ್ಬಿ, ಅಲ್ಲಿನ ಮೆಕ್ಕೆಜೋಳದ ಫಸಲಿನ ಅಂದಾಜನ್ನು ಹತ್ತಾರು ಲಕ್ಷ ಟನ್ ಇಳಿಸಬೇಕಾಯಿತು.

ಇಷ್ಟು ಬಡ ಜೀನೋಮ್ ಇಟ್ಟುಕೊಂಡು ಫೈಟೋಪ್ಲಾಸ್ಮಾ ಗಿಡವನ್ನು ಹೇಗೆ ಆಳುತ್ತದೆ ಎನ್ನುವುದನ್ನು ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಜಾನ್ ಇನ್ಸ್ ಸೆಂಟರ್‌ನ ಸಾಸ್ಕಿಯಾ ಹೋಗನ್‌ಹೌಟ್ ಅವರ ತಂಡ ಬಿಡಿಸಿ ತೋರಿಸಿದೆ. ಅದು ಗಿಡದೊಳಗೆ ಕೆಲವು ಪುಟ್ಟ ಪ್ರೋಟೀನ್‌ಗಳನ್ನು ಬಿಡುತ್ತದೆ. ಸ್ಯಾಪ್11 ಎಂಬುದು ಗಿಡ ಹುಳುಗಳನ್ನು ಎದುರಿಸಲು ಬಳಸುವ ಹಾರ್ಮೋನನ್ನು ತಗ್ಗಿಸುತ್ತದೆ. ಅಂಥ ಗಿಡದ ಮೇಲೆ ಜಿಗಿಹುಳುಗಳಿಗೆ ಮರಿ ಜಾಸ್ತಿ. ಸ್ಯಾಪ್54 ಹೂವನ್ನು ಎಲೆಯಂತೆ ಮಾಡುತ್ತದೆ. ಆ ಪ್ರೋಟೀನ್ ಇರುವ ಗಿಡಗಳ ಕಡೆಗೆ ಜಿಗಿಹುಳುಗಳು ಹೆಚ್ಚು ಬರುತ್ತವೆ. ಎಳ್ಳಿನ ಹೊಲದಲ್ಲಿ ಹೂವಿನ ಜಾಗದಲ್ಲಿ ಹಸಿರು ಎಲೆಗೊಂಚಲು ಕಂಡರೆ, ಗಿಡ ಬೀಜ ಮಾಡುವುದನ್ನು ಬಿಟ್ಟು ಬ್ಯಾಕ್ಟೀರಿಯಾಗೂ ಹುಳುವಿಗೂ ಮೇವು ಬೆಳೆಯುತ್ತಿದೆ ಎಂದೇ ತಿಳಿಯಬೇಕು.

ಮೂರನೆಯದು ಸ್ಯಾಪ್05. 2021ರಲ್ಲಿ ಪ್ರಕಟವಾದ ಈ ಕೆಲಸ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಈ ಪ್ರೋಟೀನ್ ಗಿಡದ ಬೆಳವಣಿಗೆ ನಿಯಂತ್ರಿಸುವ ಪ್ರೋಟೀನ್‌ಗಳನ್ನು ಹಿಡಿದು, ಕೋಶದ ಕಸ ವಿಲೇವಾರಿ ಯಂತ್ರಕ್ಕೆ ನೇರವಾಗಿ ತಳ್ಳುತ್ತದೆ. ಗಿಡಕ್ಕೆ ವಯಸ್ಸಾಗುವುದು ತಡವಾಗುತ್ತದೆ, ರೆಂಬೆಗಳು ಪೊರಕೆಯಂತೆ ಒತ್ತೊತ್ತಾಗಿ ಒಡೆಯುತ್ತವೆ. ಆ ಕಸ ವಿಲೇವಾರಿ ಯಂತ್ರ ಹುಳುವಿನಲ್ಲೂ ಇದೆ. ಹಾಗಿದ್ದರೆ ಹುಳುವಿಗೆ ತೊಂದರೆ ಯಾಕಿಲ್ಲ? ಹುಳುವಿನ ಯಂತ್ರದ ಒಂದು ಭಾಗದಲ್ಲಿ ಎರಡೇ ಎರಡು ಅಮೈನೋ ಆಮ್ಲ ಬೇರೆ. ಅಷ್ಟಕ್ಕೇ ಸ್ಯಾಪ್05 ಅದಕ್ಕೆ ಅಂಟುವುದಿಲ್ಲ. ಗಿಡವನ್ನು ತಿರುಚುವ ಆಯುಧ ಹುಳುವನ್ನು ಮುಟ್ಟದ ಹಾಗೆ ರೂಪುಗೊಂಡಿದೆ. ಹುಳುವಿನ ಜೊತೆಗಿನ ಹಳೆಯ ನಂಟನ್ನು ಈ ಬ್ಯಾಕ್ಟೀರಿಯಾ ಬಿಟ್ಟಿಲ್ಲ. ಅದರ ಖರ್ಚನ್ನು ಗಿಡದ ಮೇಲೆ ಹಾಕಿದೆ, ಅಷ್ಟೇ.

ಶಿಲೀಂಧ್ರಗಳಲ್ಲೂ ಇದೇ ಬಗೆಯ ಕೊಡುಕೊಳ್ಳುವಿಕೆ ಇದೆ. ಪನಾಮಾದಲ್ಲಿ ಒಂದು ಎಲೆ ಜೀರುಂಡೆಯ ಪ್ಯೂಪಾದ (ರೆಕ್ಕೆ ಬರುವ ಮೊದಲು ಹುಳು ಅಲುಗಾಡದೆ ಇರುವ ಹಂತ) ಮೇಲೆ ಫ್ಯೂಸೇರಿಯಂ ಶಿಲೀಂಧ್ರ ಬಿಳಿ ಹೊದಿಕೆಯಾಗಿ ಬೆಳೆದು, ಬೇಟೆಗಾರ ಹುಳುಗಳಿಂದ ಕಾಪಾಡುತ್ತದೆ. ಪ್ಯೂಪಾದಿಂದ ಹೊರಬಂದ ಜೀರುಂಡೆ ಕಾಲಿಗೆ ಅಂಟಿದ ಶಿಲೀಂಧ್ರವನ್ನು ಸಿಹಿಗೆಣಸಿನ ಬಳ್ಳಿಗೆ ತಲುಪಿಸುತ್ತದೆ. ಬಳ್ಳಿಗೆ ಅದು ರೋಗ. 2022ರಲ್ಲಿ ಇದು ವರದಿಯಾಯಿತು.

ಆದರೆ ರೋಗವಾಗಲು ಯಾವಾಗಲೂ ಸೂಕ್ಷ್ಮಜೀವಿಯೇ ಬದಲಾಗಬೇಕು ಅಂತಿಲ್ಲ. ಈ ವ್ಯತ್ಯಾಸವನ್ನು ಮರೆತರೆ ಎಲ್ಲವನ್ನೂ ವಿಕಾಸದ ತಲೆಗೆ ಕಟ್ಟಿಬಿಡುತ್ತೇವೆ. 2002ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ, ಸವಾನಾ ಬಂದರಿನ ಹತ್ತಿರ, ಏಷ್ಯಾ ಮೂಲದ ಒಂದು ಮರ ಕೊರಕ ದುಂಬಿ ಬಲೆಗೆ ಬಿತ್ತು. ಈ ದುಂಬಿಗಳು ಮರದೊಳಗೆ ಸುರಂಗ ಕೊರೆದು, ಅಲ್ಲಿ ಶಿಲೀಂಧ್ರ ಬೆಳೆದು ತಿನ್ನುತ್ತವೆ. ಏಷ್ಯಾದ ಕಾಡುಗಳಲ್ಲಿ ಅದರಿಂದ ಮರಗಳು ಸಾಮೂಹಿಕವಾಗಿ ಸತ್ತದ್ದಿಲ್ಲ. ಅಮೆರಿಕದ ರೆಡ್‌ಬೇ ಮರಕ್ಕೆ ಆ ಶಿಲೀಂಧ್ರ ಗೊತ್ತೇ ಇರಲಿಲ್ಲ. ಶಿಲೀಂಧ್ರ ಸ್ವಲ್ಪ ಒಳಹೊಕ್ಕರೂ ಮರ ತನ್ನ ನೀರಿನ ನಾಳಗಳನ್ನು ತಾನೇ ಮುಚ್ಚಿಕೊಂಡು ಬಾಡುತ್ತದೆ. 30 ಕೋಟಿಗೂ ಹೆಚ್ಚು ಮರಗಳು ಹೀಗೆ ಹೋಗಿವೆ ಎಂಬ ಅಂದಾಜಿದೆ. ಅದೇ ಕುಟುಂಬದ ಬೆಣ್ಣೆಹಣ್ಣಿನ ತೋಟಗಳಿಗೂ ರೋಗ ದಾಟಿದೆ. ಇಲ್ಲಿ ಶಿಲೀಂಧ್ರ ಹೊಸ ವಿದ್ಯೆ ಕಲಿಯಲಿಲ್ಲ. ಸರಕಿನ ಮರದ ಜೊತೆ ಹಡಗು ಏರಿ ತಪ್ಪು ಊರಿಗೆ ಬಂತು.

ದಾರಿ ಹಿಮ್ಮುಖವಾಗಿಯೂ ಸಾಗುತ್ತದೆ. ಲಾಗ್ರಿಯಾ ಎಂಬ ಜೀರುಂಡೆಯ ಮೊಟ್ಟೆಗಳನ್ನು ಶಿಲೀಂಧ್ರದಿಂದ ಕಾಪಾಡುವ ಬುರ್ಖೋಲ್ಡೇರಿಯಾ ಬ್ಯಾಕ್ಟೀರಿಯಾ ಮೂಲದಲ್ಲಿ ಗಿಡದ ರೋಗಾಣು. ಅದರ ಕೆಲವು ಬಗೆಗಳು ಇಂದಿಗೂ ಗಿಡಕ್ಕೆ ಹತ್ತಬಲ್ಲವು. 2022ರಲ್ಲಿ ಜಪಾನಿನ ವಿಜ್ಞಾನಿಗಳು ಇನ್ನೂ ಅಚ್ಚರಿಯ ಸಂಗತಿ ತೋರಿಸಿದರು. ಒಂದು ತಿಗಣೆಯ ಸಹಜೀವಿಯನ್ನು ತೆಗೆದು ಆ ಜಾಗಕ್ಕೆ ಇ. ಕೋಲಿ ಹಾಕಿ, ತಲೆಮಾರುಗಳ ಕಾಲ ಸಾಕಿದರು. ಒಂದೇ ಒಂದು ಜೀನ್ ಕೆಟ್ಟರೆ ಸಾಕು, ಇ. ಕೋಲಿ ಆ ತಿಗಣೆಗೆ ಉಪಕಾರಿಯಾಗುತ್ತಿತ್ತು. ಸ್ನೇಹ, ಹಗೆತನ ಎಂದು ನಾವು ಬೇರೆ ಮಾಡಿ ನೋಡುವ ಎರಡರ ನಡುವೆ ಕೆಲವೊಮ್ಮೆ ಅಂತರ ಇಷ್ಟು ಕಡಿಮೆ.

ಮತ್ತೆ ಬೀಟ್ ಹೊಲಕ್ಕೆ ಬರೋಣ. ಈ ವಿಷಯದಲ್ಲಿ ರೈತರಿಗೆ ಅತಿ ಉಪಯುಕ್ತವಾದ ಪಾಠ ಅಲ್ಲೇ ಇದೆ. ಪೆಂಟಾಸ್ಟಿರಿಡಿಯಸ್ ಜಿಗಿಹುಳು ಮೂಲತಃ ನೀರಿನ ದಡದ ಎತ್ತರದ ಹುಲ್ಲಿನ ಮೇಲೆ ಬದುಕುತ್ತಿತ್ತು. ಈಗ ಅದರ ಜೀವನಚಕ್ರ ಪೂರ್ತಿ ಹೊಲದಲ್ಲೇ ಮುಗಿಯುತ್ತದೆ. ಬೇಸಿಗೆಯಲ್ಲಿ ರೆಕ್ಕೆ ಬಂದ ಹುಳುಗಳು ಬೀಟ್‌ಗೆ ಹಾರಿ, ಬುಡದ ಮಣ್ಣಿನಲ್ಲಿ ಮೊಟ್ಟೆ ಇಡುತ್ತವೆ. ಮರಿಗಳು ಬೀಟ್ ಬೇರು ಹೀರಿ ಬೆಳೆಯುತ್ತವೆ, ಆಗಲೇ ಬ್ಯಾಕ್ಟೀರಿಯಾವನ್ನೂ ಪಡೆಯುತ್ತವೆ. ಬೀಟ್ ಕಿತ್ತ ಮೇಲೆ ರೈತ ಅದೇ ಹೊಲಕ್ಕೆ ಚಳಿಗಾಲದ ಗೋಧಿ ಬಿತ್ತುತ್ತಾನೆ. ಮಣ್ಣಿನಲ್ಲಿದ್ದ ಮರಿಗಳು ಗೋಧಿ ಬೇರಿನ ಮೇಲೆ ಚಳಿಗಾಲ ಕಳೆಯುತ್ತವೆ. ಮುಂದಿನ ಬೇಸಿಗೆಗೆ ಗೋಧಿ ಹೊಲದಿಂದ ಎದ್ದು ಪಕ್ಕದ ಬೀಟ್‌ಗೆ ಹಾರುತ್ತವೆ. ಬೀಟ್ ಆದ ಮೇಲೆ ಗೋಧಿ ಎಂಬ ಎಲ್ಲರೂ ಪಾಲಿಸುವ ಬೆಳೆ ಸರದಿ ಈ ಹುಳುವಿಗೆ ವರ್ಷಪೂರ್ತಿ ಮನೆ ಕೊಟ್ಟಿತು. ಜೊತೆಗೆ ಬ್ಯಾಕ್ಟೀರಿಯಾಗೆ ಪ್ರತಿ ವರ್ಷ ತಪ್ಪದೆ ಗಿಡ, ಹುಳು, ಗಿಡ ಎಂಬ ಓಡಾಟ ಸಿಕ್ಕಿತು. ಗೋಧಿಯ ಬದಲು ಹೊಲ ಖಾಲಿ ಬಿಟ್ಟು ವಸಂತದಲ್ಲಿ ಬಾರ್ಲಿ ಹಾಕಿದ ಪ್ರಯೋಗಗಳಲ್ಲಿ ಮೇಲೆದ್ದು ಬಂದ ಜಿಗಿಹುಳುಗಳು ತುಂಬಾ ಕಡಿಮೆಯಾದವು.

ಹಾಗಾದರೆ ಎಲ್ಲರೂ ಗೋಧಿ ಬಿಡಲಿ ಎನ್ನುವುದು ಸುಲಭ. ಆದರೆ ಗೋಧಿಯೂ ಆ ರೈತರ ಆದಾಯದ ಒಂದು ಮೂಲ. ಒಬ್ಬ ಬಿಟ್ಟರೆ ಸಾಲದು, ಹುಳು ಪಕ್ಕದ ಹೊಲದಿಂದ ಹಾರಿ ಬರುತ್ತದೆ. ಊರಿಗೆ ಊರೇ ಒಪ್ಪಬೇಕು. ಔಷಧಿಯೂ ಪೂರ್ತಿ ಉತ್ತರವಲ್ಲ, ಯಾಕೆಂದರೆ ಮರಿಗಳು ಮಣ್ಣಿನೊಳಗೆ ಇರುತ್ತವೆ, ದೊಡ್ಡವು ವಾರಗಟ್ಟಲೆ ಹಾರಿ ಬರುತ್ತಲೇ ಇರುತ್ತವೆ. ಗಿಡದೊಳಗೆ ಸೇರಿದ ಬ್ಯಾಕ್ಟೀರಿಯಾವನ್ನು ಹೊಲದಲ್ಲಿ ತೆಗೆಯುವ ಉಪಾಯವಿಲ್ಲ. ರೋಗವನ್ನು ತಾಳಿಕೊಂಡು ಸಕ್ಕರೆ ಉಳಿಸುವ ಬೀಟ್ ತಳಿಗಳ ಮೇಲೆ ಈಗ ಭರವಸೆ ಇಟ್ಟಿದ್ದಾರೆ.

ನಮ್ಮಲ್ಲಿ? ತುಂಗಭದ್ರಾ ಅಚ್ಚುಕಟ್ಟಿನಲ್ಲಿ, ಮಂಡ್ಯದಲ್ಲಿ ಭತ್ತದ ರೈತರನ್ನು ಕಾಡುವ ಕಂದು ಜಿಗಿಹುಳು ಜಾತಿಯಲ್ಲೂ ಆರ್ಸೆನೊಫೋನಸ್ ಇರುತ್ತದೆ. ಹತ್ತಿಯ ಬಿಳಿನೊಣದಲ್ಲೂ ಇರುತ್ತದೆ. ಭತ್ತಕ್ಕಾಗಲಿ ಹತ್ತಿಗಾಗಲಿ ಅದು ರೋಗ ತಂದದ್ದು ಎಲ್ಲೂ ವರದಿಯಾಗಿಲ್ಲ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಆದರೆ ಈ ಸಹಜೀವಿ ಸುಮ್ನೆ ಕೂತಿರುವುದೂ ಅಲ್ಲ. ಕಂದು ಜಿಗಿಹುಳು ಕೀಟನಾಶಕವನ್ನು ಎಷ್ಟು ತಡೆದುಕೊಳ್ಳುತ್ತದೆ ಎಂಬುದರ ಮೇಲೆ ಅದರ ಪ್ರಭಾವವಿದೆ. ಬಿಳಿನೊಣದ ಆರ್ಸೆನೊಫೋನಸ್ ತಯಾರಿಸುವ ಒಂದು ಪ್ರೋಟೀನ್, ಹತ್ತಿ ಎಲೆ ಮುರುಟು ರೋಗದ ವೈರಸ್‌ಗೆ ಅಂಟಿಕೊಂಡು ಅದು ಹುಳುವಿನೊಳಗೆ ಸಾಗಲು ನೆರವಾಗುತ್ತದೆ ಎಂದು ಭಾರತದ ಸಂಶೋಧಕರೇ 2012ರಲ್ಲಿ ತೋರಿಸಿದ್ದಾರೆ. ಹುಳುವಿನ ಒಳಗಿನ ಜೀವಿ ಬೆಳೆಯ ರೋಗದಲ್ಲಿ ಆಗಲೇ ಪಾಲುದಾರ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಬೆಳೆ ಸಮೀಕ್ಷೆಗಳು ಹುಳುವನ್ನು ಎಣಿಸುತ್ತವೆ, ಎಲೆಯ ಲಕ್ಷಣ ಬರೆದುಕೊಳ್ಳುತ್ತವೆ. ಹುಳುವಿನ ಒಳಗೆ ಏನಿದೆ ಎಂದು ನೋಡುವುದು ಸಂಶೋಧನಾ ಪ್ರಬಂಧಗಳಲ್ಲೇ ಹೆಚ್ಚು. ಗಡಿಯಲ್ಲಿ ತಪಾಸಣೆ ಮಾಡುವಾಗಲೂ ಹುಡುಕುವುದು ಪಟ್ಟಿಯಲ್ಲಿ ಹೆಸರಿರುವ ರೋಗಾಣುಗಳನ್ನು. ಬೀಟ್‌ನ ಆರ್ಸೆನೊಫೋನಸ್ 1990ಕ್ಕೆ ಮೊದಲು ಯಾರ ಪಟ್ಟಿಯಲ್ಲೂ ಇರಲು ಸಾಧ್ಯವಿರಲಿಲ್ಲ. ರೋಗಾಣು ಎಂದು ಅದಕ್ಕೆ ಹೆಸರೇ ಇರಲಿಲ್ಲ.

ಮಾಡಬಹುದಾದ ಕೆಲಸ ದುಬಾರಿಯದ್ದಲ್ಲ. ಭತ್ತದ ಗದ್ದೆಗಳಲ್ಲಿ ಬೆಳಕಿನ ಬಲೆ ಇಟ್ಟು ಜಿಗಿಹುಳು ಎಣಿಸುವ ಪದ್ಧತಿ ಇದೆ. ಎಣಿಸಿದ ಹುಳುಗಳಲ್ಲಿ ಒಂದು ಪಾಲನ್ನು ಎಸೆಯದೆ ಆಲ್ಕೋಹಾಲ್‌ನಲ್ಲಿ ಇಟ್ಟು, ಒಳಗಿನ ಬ್ಯಾಕ್ಟೀರಿಯಾಗಳ ಡಿಎನ್‌ಎ ಓದಿಸಬಹುದು. ಕೃಷಿ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿ ಪಿಸಿಆರ್ ಯಂತ್ರಗಳಿವೆ. ಅದೇ ಗದ್ದೆಯ ಭತ್ತದ ಗಿಡದ ರಸದಲ್ಲೂ ಅವೇ ಬ್ಯಾಕ್ಟೀರಿಯಾ ಸಿಗುತ್ತವಾ ಅಂತ ನೋಡಬೇಕು. ರೋಗವಿಲ್ಲದ ಹಸಿರು ಗಿಡದಲ್ಲೇ ನೋಡಬೇಕು, ಯಾಕೆಂದರೆ ನಡುವಿನ ಹಂತದಲ್ಲಿ ಗಿಡಕ್ಕೆ ಯಾವ ಲಕ್ಷಣವೂ ಇರುವುದಿಲ್ಲ. ಸುಳ್ಯ, ಶೃಂಗೇರಿ ಕಡೆ ಹಳದಿ ರೋಗದ ನಡುವೆಯೂ ಹಸಿರಾಗಿ ನಿಂತ ಅಡಿಕೆ ಮರಗಳನ್ನು ತಳಿಗಾಗಿ ಗುರುತಿಸುವ ಕೆಲಸ ನಡೆದಿದೆ. ಆ ಮರಗಳ ಮೇಲೆ ಕೂರುವ ಜಿಗಿಹುಳುಗಳನ್ನೂ ಹಿಡಿದು, ಪಕ್ಕದ ಹಳದಿ ಮರದ ಹುಳುಗಳ ಜೊತೆ ಹೋಲಿಸಿ ನೋಡಬೇಕು. ಆ ಮರಗಳಿಗೆ ಫೈಟೋಪ್ಲಾಸ್ಮಾ ತಲುಪಿಯೇ ಇಲ್ಲವೋ, ತಲುಪಿದರೂ ಮರ ತಡೆದುಕೊಂಡಿದೆಯೋ ಎನ್ನುವುದನ್ನು ಮೊದಲು ಬಿಡಿಸಿಕೊಳ್ಳಬೇಕು. ಎರಡನೆಯದಾದರೆ ಮಾತ್ರ ಆ ಮರದ ಸಸಿಯನ್ನು ರೈತರಿಗೆ ಧೈರ್ಯವಾಗಿ ಕೊಡಬಹುದು.